ಕರುಳಿನ ಉರಿಯೂತ: ಬೇರ್ಪಡಿಸಬೇಕಾದದ್ದು ಎರಡಲ್ಲ, ಮೂರು

ಕಾಗಿನೆಲೆ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯಲ್ಲಿ ಸಂಡಾಸಿನಲ್ಲಿ ರಕ್ತ ಕಂಡರೆ ಹೆಸರು ಮೊದಲೇ ಸಿದ್ಧವಿರುತ್ತದೆ: ಮೂಲವ್ಯಾಧಿ. ಕಾರಣವೂ ಸಿದ್ಧ: ಉಷ್ಣ, ಇಲ್ಲವೇ ಖಾರ. ಮೆಣಸಿನಕಾಯಿ ಪೇಟೆಯ ಪಕ್ಕದಲ್ಲಿ ಬದುಕುವವರಿಗೆ ಮೆಣಸಿನಕಾಯಿಯ ಮೇಲೆ ದೂರು ಹೊರಿಸುವುದು ಸುಲಭ. ಆದರೆ ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಖಾರ ಹೆಚ್ಚಾದರೆ ಹುಣ್ಣಾದ ಕರುಳಿಗೆ ಉರಿ ಹೆಚ್ಚಬಹುದು. ಚೆನ್ನಾಗಿದ್ದ ಕರುಳಿನಲ್ಲಿ ವರ್ಷಗಟ್ಟಲೆ ನಿಲ್ಲುವ ಉರಿಯೂತವನ್ನು ಖಾರವೇ ಹುಟ್ಟಿಸುತ್ತದೆ ಎನ್ನಲು ಆಧಾರವಿಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕರುಳಿನ ಮೇಲೆ ತಿರುಗಿಬೀಳುವ ಈ ಕಾಯಿಲೆಯಲ್ಲಿ ಮುಖ್ಯವಾಗಿ ಎರಡು ಬಗೆ: ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್. ಪಾಶ್ಚಾತ್ಯ ಪಠ್ಯಗಳು ಹೆಚ್ಚಾಗಿ ಇವೆರಡನ್ನು ಎದುರುಬದುರು ಇಟ್ಟು ಪಾಠ ಹೇಳುತ್ತವೆ. ನಮ್ಮಲ್ಲಿ ಮೂರನೆಯದೊಂದು ಸದಾ ಬಾಗಿಲಲ್ಲಿ ನಿಂತಿರುತ್ತದೆ, ಅದು ಕರುಳಿನ ಕ್ಷಯ. ಅದನ್ನು ವಿಚಾರಿಸಿಕೊಳ್ಳದೆ ಉಳಿದೆರಡರ ಹೆಸರು ಹೇಳುವುದು ಅಪಾಯ. ಆದ್ದರಿಂದ ಇಲ್ಲಿ ಬೇರ್ಪಡಿಸುವ ಕ್ರಮವೇ ಅರ್ಧ ಚಿಕಿತ್ಸೆ ಎಂಬುದು ನನ್ನ ವಾದ.

ಮೊದಲ ಕೆಲಸ ಮನೆಯಲ್ಲೇ ಆಗುವಂಥದ್ದು. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ದಿನಕ್ಕೆ ಎಷ್ಟು ಸಲ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ, ರಕ್ತ ಮಲದೊಳಗೆ ಬೆರೆತಿದೆಯೇ ಅಥವಾ ಕೊನೆಯಲ್ಲಿ ತೊಟ್ಟಿಕ್ಕುತ್ತದೆಯೇ, ಲೋಳೆ ಇದೆಯೇ, ತೂಕ ಎಷ್ಟು, ಸಂಜೆ ಜ್ವರ ಬರುತ್ತದೆಯೇ. ಮೂಲವ್ಯಾಧಿಯ ರಕ್ತ ಸಾಮಾನ್ಯವಾಗಿ ಮಲಕ್ಕೆ ಬೆರೆಯದೆ ಪ್ರತ್ಯೇಕವಾಗಿ ಬೀಳುತ್ತದೆ. ಲೋಳೆಯೊಂದಿಗೆ ಬೆರೆತ ರಕ್ತ, ಹೋಗಿಬಂದರೂ ತೀರದ ಅವಸರ, ಇವು ಗುದನಾಳದ ಉರಿಯೂತದ ಗುರುತು. ಆಮಶಂಕೆ ಬಹುಮಟ್ಟಿಗೆ ಒಂದೆರಡು ವಾರದಲ್ಲಿ ತಹಬಂದಿಗೆ ಬರುತ್ತದೆ. ನಾಲ್ಕು ವಾರ ದಾಟಿದ ಭೇದಿಯನ್ನು ಹಾಗೆಂದು ತಳ್ಳಿಹಾಕುವಂತಿಲ್ಲ. ಕರುಳಿನ ಉರಿಯೂತದ ಇಂಗ್ಲಿಷ್ ಚುಟುಕು ಹೆಸರು ಐಬಿಡಿ; ಐಬಿಎಸ್ ಎಂಬ ಇನ್ನೊಂದು ತೊಂದರೆಯ ಹೆಸರು ಇದೇ ಥರ ಕೇಳಿಸುವುದರಿಂದ ಗೊಂದಲವಾಗುತ್ತದೆ. ಅದರಲ್ಲಿ ನೋವು, ಭೇದಿ, ಮಲಬದ್ಧತೆ ಇರಬಹುದು. ಆದರೆ ಅದು ರಕ್ತ ಬೀಳಿಸುವುದಿಲ್ಲ, ತೂಕ ಇಳಿಸುವುದಿಲ್ಲ.

ಎರಡನೆಯದು ಮಲ ಮತ್ತು ರಕ್ತ ಪರೀಕ್ಷೆ, ಅದೂ ಅಂಗಡಿಯ ಗುಳಿಗೆ ನುಂಗುವ ಮೊದಲು. ಅಮೀಬಾ ಮತ್ತು ಬ್ಯಾಕ್ಟೀರಿಯಾ ಸೋಂಕು ದೊಡ್ಡ ಕರುಳಿನಲ್ಲಿ ಕೊಲೈಟಿಸ್‌ನಂತೆಯೇ ಹುಣ್ಣು ಮಾಡಬಲ್ಲವು. ಅಮೀಬಾ ಇರುವಾಗ ಸ್ಟೀರಾಯ್ಡ್ ಕೊಟ್ಟರೆ ಕರುಳು ತೂತಾಗುವವರೆಗೂ ಹೋಗಬಹುದು. ಮೈಕೈ ನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಗೆಯ ಗುಳಿಗೆಗಳೂ ಕರುಳಿನಲ್ಲಿ ಹುಣ್ಣು ಎಬ್ಬಿಸುತ್ತವೆ. ಅವುಗಳ ಹೆಸರನ್ನು ವೈದ್ಯರಿಗೆ ಹೇಳಲೇಬೇಕು. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಉರಿಯೂತ ಇದೆಯೇ ಎಂದು ತಿಳಿಸುತ್ತದೆ, ಯಾವುದು ಎಂದು ತಿಳಿಸುವುದಿಲ್ಲ. ಸೋಂಕಿನಲ್ಲೂ ಕ್ಷಯದಲ್ಲೂ ಅದು ಏರುತ್ತದೆ.

ಮೂರನೆಯ ಹೆಜ್ಜೆ ಕೊಲೊನೋಸ್ಕೋಪಿ. ಇಲ್ಲಿ ಸ್ವಲ್ಪ ನಿಲ್ಲಬೇಕು. ಅಲ್ಸರೇಟಿವ್ ಕೊಲೈಟಿಸ್ ಗುದನಾಳದಲ್ಲಿ ಶುರುವಾಗಿ ಎಡೆಬಿಡದೆ ಮೇಲಕ್ಕೆ ಹಬ್ಬುತ್ತದೆ, ದೊಡ್ಡ ಕರುಳಿನ ಒಳಪದರಕ್ಕಷ್ಟೇ ಅಂಟಿಕೊಂಡಿರುತ್ತದೆ. ಕ್ರೋನ್ಸ್ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ, ನಡುನಡುವೆ ಒಳ್ಳೆಯ ಜಾಗ ಬಿಟ್ಟು ಕಾಣಿಸಿಕೊಳ್ಳುತ್ತದೆ. ಸಣ್ಣ ಕರುಳಿನ ಕೊನೆಯ ಭಾಗ ಅದರ ಮೆಚ್ಚಿನ ನೆಲೆ. ಅದು ಕರುಳಿನ ಗೋಡೆಯನ್ನು ಪೂರ್ತಿ ಹೊಗುವುದರಿಂದ ಕರುಳು ಕಿರಿದಾಗುತ್ತದೆ, ಗುದದ ಬಳಿ ಕೀವಿನ ನಾಳ, ಅಂದರೆ ಭಗಂದರ, ಹುಟ್ಟುತ್ತದೆ. ಮತ್ತೆ ಮತ್ತೆ ಭಗಂದರದ ಆಪರೇಷನ್ ಮಾಡಿಸಿಕೊಂಡವರು ಒಮ್ಮೆ ಕರುಳನ್ನೂ ತೋರಿಸಿಕೊಳ್ಳುವುದು ಒಳ್ಳೆಯದು. ಈ ಲಕ್ಷಣಗಳಿಗೆ ಅಪವಾದಗಳೂ ಇವೆ. ಔಷಧ ಹಿಡಿದ ಮೇಲೆ ಕೊಲೈಟಿಸ್ ಕೂಡ ತೇಪೆ ತೇಪೆಯಾಗಿ ಕಾಣಬಹುದು, ಸಣ್ಣ ಕರುಳಿನ ತುದಿಯೂ ತುಸು ಕೆಂಪಾಗಬಹುದು. ಆದ್ದರಿಂದ ಚಿಕಿತ್ಸೆ ಶುರುವಾಗುವ ಮೊದಲೇ, ಸಣ್ಣ ಕರುಳಿನ ತುದಿಯನ್ನೂ ನೋಡಿ, ಚೆನ್ನಾಗಿ ಕಾಣುವ ಜಾಗದಿಂದಲೂ ಸೇರಿ ಹಲವೆಡೆಯಿಂದ ಬಯಾಪ್ಸಿ ತೆಗೆಯಬೇಕು. ಉರಿಯೂತ ಇಳಿಸುವ ಔಷಧ ಹೇಗೂ ಒಂದೇ ಅಲ್ಲವೇ, ಹೆಸರು ಯಾಕೆ ಎಂದು ಕೇಳುವವರಿದ್ದಾರೆ. ಔಷಧ ಒಂದೇ ಅಲ್ಲ. ಮೆಸಲಮೈನ್ ಕೊಲೈಟಿಸ್‌ಗೆ ಚೆನ್ನಾಗಿ ನಾಟುತ್ತದೆ, ಕ್ರೋನ್ಸ್‌ಗೆ ಅಷ್ಟಾಗಿ ಇಲ್ಲ. ದೊಡ್ಡ ಕರುಳನ್ನು ಪೂರ್ತಿ ತೆಗೆದರೆ ಕೊಲೈಟಿಸ್ ಅಲ್ಲಿಗೆ ಮುಗಿಯುತ್ತದೆ; ಕ್ರೋನ್ಸ್ ಆಪರೇಷನ್ ಆದ ಜಾಗದ ಪಕ್ಕದಲ್ಲೇ ಮರಳಿ ಬರಬಹುದು. ಬೀಡಿ, ಸಿಗರೇಟು ಕ್ರೋನ್ಸನ್ನು ಕೆರಳಿಸುತ್ತವೆ.

ಇನ್ನು ಕ್ಷಯ. 1913ರಲ್ಲಿ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಕೆನೆಡಿ ಡಾಲ್ಜಿಯಲ್ ಇಂದು ಕ್ರೋನ್ಸ್ ಎನ್ನುವ ಬಗೆಯ ಕರುಳುಗಳನ್ನು ವಿವರಿಸಿದಾಗಲೇ ಅವು ಕ್ಷಯದಂತೆ ಕಾಣುವುದೂ ಕ್ಷಯದ ಕ್ರಿಮಿ ಸಿಗದಿರುವುದೂ ಅವರ ಗಮನಕ್ಕೆ ಬಂದಿತ್ತು. 1932ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಇಬ್ಬರು ಸಹೋದ್ಯೋಗಿಗಳು 14 ರೋಗಿಗಳ ವಿವರ ಪ್ರಕಟಿಸಿ ಈ ಕಾಯಿಲೆಗೆ ಪ್ರತ್ಯೇಕ ಸ್ಥಾನ ಕೊಟ್ಟರು. ಹೋಲಿಕೆ ಮಾತ್ರ ಹಾಗೇ ಉಳಿಯಿತು. ಕರುಳಿಗೆ ಅಡ್ಡಲಾದ ಹುಣ್ಣು, ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿ ಬಾಯಿ ತೆರೆದೇ ಇರುವ ಇಲಿಯೋಸೀಕಲ್ ಕವಾಟ, ಹೊಟ್ಟೆಯಲ್ಲಿ ನೀರು, ಸಂಜೆ ಜ್ವರ, ಎದೆಯ ಎಕ್ಸ್‌ರೇಯಲ್ಲಿ ಕಲೆ, ಇವು ಕ್ಷಯದ ಕಡೆಗೆ ವಾಲುತ್ತವೆ. ಉದ್ದುದ್ದದ ಹುಣ್ಣು, ಭಗಂದರ, ವರ್ಷಗಟ್ಟಲೆಯ ಭೇದಿ ಕ್ರೋನ್ಸ್ ಕಡೆಗೆ. ಬಯಾಪ್ಸಿಯಲ್ಲಿ ಮೊಸರುಗಟ್ಟಿದಂತೆ ಕೊಳೆತ ಗ್ರ್ಯಾನ್ಯುಲೋಮಾ ಅಥವಾ ಕ್ಷಯದ ಕ್ರಿಮಿ ಸಿಕ್ಕರೆ ಚರ್ಚೆ ಮುಗಿಯಿತು. ಆದರೆ ಸಿಗದೇ ಹೋಗುವುದೇ ಹೆಚ್ಚು. ಕ್ರಿಮಿಯ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್‌ನಲ್ಲಿ ಇದೆ ಎಂದು ಬಂದರೆ ನಂಬಬಹುದು. ಇಲ್ಲ ಎಂದು ಬಂದರೆ ಕ್ಷಯವಿಲ್ಲ ಎಂದಾಗದು. ಚರ್ಮದ ಮೇಲೆ ಮಾಡುವ ಮ್ಯಾಂಟೂ ಪರೀಕ್ಷೆಯೂ ಇಲ್ಲಿ ತೀರ್ಪು ಹೇಳಲಾರದು, ಏಕೆಂದರೆ ಕಾಯಿಲೆಯಿಲ್ಲದೆ ಕ್ರಿಮಿಯನ್ನಷ್ಟೇ ಹೊತ್ತವರು ನಮ್ಮಲ್ಲಿ ಬಹಳ.

ಕಾಗಿನೆಲೆಯ ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ರಾಗಿ ಮತ್ತು ಭತ್ತದ ವ್ಯಾಜ್ಯ ಮಾತಿನಿಂದ ತೀರುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ ಮೇಲೆ ಯಾವುದು ಗಟ್ಟಿಯಾಗಿ ಉಳಿಯಿತು ಎಂಬುದೇ ತೀರ್ಮಾನ. ಕ್ಷಯವೋ ಕ್ರೋನ್ಸೋ ಎಂದು ಪರೀಕ್ಷೆಗಳು ಹೇಳದಿದ್ದಾಗ ವೈದ್ಯರೂ ಕಾಲವನ್ನೇ ಸಾಕ್ಷಿಗೆ ಕರೆಯುತ್ತಾರೆ: ಕ್ಷಯದ ಔಷಧ ಕೊಟ್ಟು ನೋಡುತ್ತಾರೆ. ಹಾಗಾದರೆ ಅನುಮಾನ ಬಂದವರಿಗೆಲ್ಲ ಅದನ್ನೇ ಕೊಟ್ಟರಾಯಿತಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿಯೂ ಸಿಗುತ್ತದೆ ಎಂಬ ವಾದವಿದೆ. ಅದರಲ್ಲಿ ಹುರುಳಿದೆ, ಏಕೆಂದರೆ ಅಡಗಿದ ಕ್ಷಯಕ್ಕೆ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಸ್ಟೀರಾಯ್ಡ್ ಅಥವಾ ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟರೆ ಅದು ಮೈಯೆಲ್ಲ ಹಬ್ಬಬಹುದು. ಆದರೆ ಕ್ರೋನ್ಸ್ ಇದ್ದವರು ಈ ಗುಳಿಗೆ ನುಂಗುತ್ತ ತಿಂಗಳುಗಟ್ಟಲೆ ಕಾದರೆ ಅಷ್ಟರಲ್ಲಿ ಕರುಳು ಕಿರಿದಾಗುತ್ತ ಹೋಗುತ್ತದೆ, ಯಕೃತ್ತಿಗೆ ಏಟೂ ಬೀಳಬಹುದು. ಅದಕ್ಕೇ ಎರಡರಿಂದ ಮೂರು ತಿಂಗಳೊಳಗೆ ಮತ್ತೊಮ್ಮೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಯ್ದಿದೆಯೇ ಎಂದು ನೋಡಬೇಕು. ಮೈ ಹಗುರವೆನಿಸಿದ ಮಾತ್ರಕ್ಕೆ ನಂಬುವಂತಿಲ್ಲ. ಕ್ರೋನ್ಸ್ ಇದ್ದವರಿಗೂ ಈ ಔಷಧದಲ್ಲಿ ಕೆಲಕಾಲ ಆರಾಮ ಅನಿಸುವುದುಂಟು. ಹುಣ್ಣು ಮಾಯ್ದಿದ್ದರೆ ಆರು ತಿಂಗಳ ಕೋರ್ಸ್ ಮುಗಿಸಬೇಕು. ಹಾಗೇ ಇದ್ದರೆ ಕ್ರೋನ್ಸ್, ಅಪರೂಪಕ್ಕೆ ಔಷಧಕ್ಕೆ ಬಗ್ಗದ ಕ್ಷಯ.

ಇಷ್ಟಾದರೂ ಕೆಲವರಲ್ಲಿ ಹೆಸರು ನಿಲ್ಲದು, ವರ್ಷಗಳ ನಂತರ ಬದಲಾಗುವುದೂ ಉಂಟು. ಅದನ್ನು ವೈದ್ಯರ ತಪ್ಪೆಂದು ತಿಳಿದು ಊರೂರು ಅಲೆದು, ಹೋದಲ್ಲೆಲ್ಲ ಮೊದಲಿಂದ ಶುರು ಮಾಡಿದರೆ ಹಳೆಯ ಸಾಕ್ಷ್ಯವೆಲ್ಲ ಕಳೆದುಹೋಗುತ್ತದೆ. ದಿನಕ್ಕೆ ಆರು ಸಲ ಅಥವಾ ಹೆಚ್ಚು ರಕ್ತಭೇದಿಯ ಜೊತೆಗೆ ಜ್ವರ, ಎದೆಬಡಿತ ಇದ್ದರೆ, ಹೊಟ್ಟೆ ಉಬ್ಬಿ ವಾಂತಿಯಾಗಿ ಗಾಳಿಯೂ ಹೋಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಳಿದ ದಿನಗಳಲ್ಲಿ ಹಾವೇರಿಯಿಂದ ಹುಬ್ಬಳ್ಳಿಗೋ ದಾವಣಗೆರೆಗೋ ಹೊರಟಾಗ ಕೊಲೊನೋಸ್ಕೋಪಿಯ ಚಿತ್ರಗಳು, ಮೊದಲ ಬಯಾಪ್ಸಿಯ ವರದಿ, ನುಂಗಿದ ಗುಳಿಗೆಗಳ ಚೀಟಿ ಒಂದೇ ಫೈಲಿನಲ್ಲಿರಲಿ. ಬಯಾಪ್ಸಿಯ ಗಾಜಿನ ಸ್ಲೈಡ್ ಮತ್ತು ಮೇಣದ ತುಂಡನ್ನೂ ಪ್ರಯೋಗಾಲಯದಿಂದ ಕೇಳಿ ಪಡೆಯಬಹುದು. ಚಿಕಿತ್ಸೆ ಮುಟ್ಟುವ ಮೊದಲಿನ ಕರುಳು ಉಳಿದಿರುವುದು ಅದರಲ್ಲಿ ಮಾತ್ರ.