ರಿಪೋರ್ಟ್ ನಾರ್ಮಲ್ ಬಂದರೆ ಮಾತ್ರೆ ಬಿಡಬಹುದೇ?

ಕೊಲೆಸ್ಟ್ರಾಲ್ ಬಗ್ಗೆ ಬರೆಯುವುದು ಸೈನ್ಸ್ ವಿಭಾಗದವರ ಕೆಲಸ ಎಂದು ನನ್ನ ಕಾಮರ್ಸ್ ಗೆಳತಿಯರು ನಗಬಹುದು. ಆದರೆ ನಮ್ಮ ಮನೆಯಲ್ಲಿ ಲ್ಯಾಬ್ ರಿಪೋರ್ಟ್ ಓದಿ ಹೇಳುವವಳು ನಾನೇ. ತಪ್ಪು ಓದಿದವಳೂ ನಾನೇ.

ಕಳೆದ ವರ್ಷ ದಾದಾ ಅವರಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದರು. ಆಗ ಅವರ ಎಲ್‌ಡಿಎಲ್, ಅಂದರೆ ರಕ್ತನಾಳದ ಗೋಡೆಯಲ್ಲಿ ಸೇರಿಕೊಳ್ಳುವ ಕೆಟ್ಟ ಕೊಲೆಸ್ಟ್ರಾಲ್, 142 ಇತ್ತು. ನಾಲ್ಕು ತಿಂಗಳಲ್ಲಿ 64ಕ್ಕೆ ಇಳಿಯಿತು. "ಎಲ್ಲಾ ನಾರ್ಮಲ್ ದಾದಾ" ಎಂದೆ. ಅವರು ಖುಷಿಯಿಂದ ಅಟೋರ್ವಾಸ್ಟಾಟಿನ್ ಮಾತ್ರೆ ಬಿಟ್ಟೇಬಿಟ್ಟರು. ಮುಂದಿನ ತಪಾಸಣೆಯಲ್ಲಿ 135!

"ಸಾಹೇಬ್ರೇ, ಜ್ವರ ಹೋದ ಮೇಲೆ ಜ್ವರದ ಮಾತ್ರೆ ಬೇಡ. ಇದು ಹಾಗಲ್ಲ. 64 ಬಂದದ್ದೇ ಮಾತ್ರೆಯಿಂದ" ಎಂದರು ಡಾಕ್ಟರ್.

ದೇಹದ ಕೊಲೆಸ್ಟ್ರಾಲಿನ ಹೆಚ್ಚಿನ ಭಾಗ ಊಟದಿಂದ ಬರುವುದಿಲ್ಲ, ದೇಹವೇ ತಯಾರಿಸುತ್ತದೆ. ಸ್ಟಾಟಿನ್ ಔಷಧ ಯಕೃತ್ತಿನಲ್ಲಿ ಆ ತಯಾರಿಕೆಯನ್ನು ತಗ್ಗಿಸುತ್ತದೆ. ಆಗ ಯಕೃತ್ತು ತನಗೆ ಬೇಕಾದದ್ದನ್ನು ರಕ್ತದಲ್ಲಿರುವ ಎಲ್‌ಡಿಎಲ್‌ನಿಂದ ಎಳೆದುಕೊಳ್ಳುತ್ತದೆ. ಮಾತ್ರೆ ನಿಂತರೆ ಕೆಲವೇ ವಾರಗಳಲ್ಲಿ ಎಲ್ಲವೂ ಮೊದಲಿನಂತೆ. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದರೆ, ಅದು ಉಳಿತಾಯವಲ್ಲ, ತಿಂಗಳ ಸಂಬಳ.

ನನ್ನ ಇನ್ನೊಂದು ತಪ್ಪು: ರಿಪೋರ್ಟಿನಲ್ಲಿ ಅಚ್ಚಾಗಿರುವ "100ಕ್ಕಿಂತ ಕಡಿಮೆ" ಎಂಬುದು ಎಲ್ಲರಿಗೂ ಸೇರಿದ ಅಳತೆ. ಹೃದಯಾಘಾತವಾದವರಿಗೆ 70ಕ್ಕಿಂತ ಕೆಳಗಿರಬೇಕು. 2019ರ ಯುರೋಪಿನ ಮಾರ್ಗಸೂಚಿಯಂತೂ 55ಕ್ಕಿಂತ ಕೆಳಗೆ ಎನ್ನುತ್ತದೆ. ಸ್ಟಾಟಿನ್ ಒಂದೇ ಸಾಲದಿದ್ದರೆ, ಕರುಳು ಕೊಲೆಸ್ಟ್ರಾಲ್ ಹೀರುವುದನ್ನು ಕಡಿಮೆ ಮಾಡುವ ಎಜೆಟಿಮೈಬ್ ಸೇರಿಸುತ್ತಾರೆ.

ಇದರಿಂದ ಲಾಭ ಎಷ್ಟು? 1994ರಲ್ಲಿ ಸ್ಕ್ಯಾಂಡಿನೇವಿಯಾದ 4444 ಹೃದ್ರೋಗಿಗಳ ಅಧ್ಯಯನ ಪ್ರಕಟವಾಯಿತು. ಸುಮಾರು ಐದು ವರ್ಷಗಳಲ್ಲಿ, ಸ್ಟಾಟಿನ್ ಸಿಗದವರಲ್ಲಿ ನೂರಕ್ಕೆ 12 ಮಂದಿ ತೀರಿಕೊಂಡಿದ್ದರು, ಸಿಕ್ಕವರಲ್ಲಿ 8 ಮಂದಿ. ಆ ನಾಲ್ವರಲ್ಲಿ ನಮ್ಮ ದಾದಾ ಇರಬಹುದಲ್ಲ ಎಂದು ಯೋಚಿಸಿ ನನಗೆ ನಿದ್ದೆ ಬರಲಿಲ್ಲ.

ಊಟದ ಪಥ್ಯವೂ ಬೇಕು, ಆದರೆ ಅದು ಮಾತ್ರೆಗೆ ಬದಲಿಯಲ್ಲ. ವನಸ್ಪತಿ, ತುಪ್ಪ, ಮಟನ್ ಕೊಬ್ಬು ಎಲ್‌ಡಿಎಲ್ ಏರಿಸುತ್ತವೆ. ಎಣ್ಣೆ ಪ್ಯಾಕೆಟ್ ಮೇಲಿನ "ಕೊಲೆಸ್ಟ್ರಾಲ್ ಇಲ್ಲ" ಎಂಬ ಬರಹಕ್ಕೆ ಮರುಳಾಗಬೇಡಿ, ಯಾವ ಸಸ್ಯಜನ್ಯ ಎಣ್ಣೆಯಲ್ಲೂ ಅದು ಹೇಳಿಕೊಳ್ಳುವಷ್ಟು ಇರುವುದಿಲ್ಲ. ಮಾತ್ರೆಯಿಂದ ಮೈಕೈ ನೋವು ಬಂದರೆ ನಾವೇ ನಿಲ್ಲಿಸದೆ ಡಾಕ್ಟರಿಗೆ ಹೇಳಬೇಕು, ಅವರು ಪ್ರಮಾಣವನ್ನೋ ಔಷಧವನ್ನೋ ಬದಲಿಸುತ್ತಾರೆ.

ರಂಜಾನಿನಲ್ಲಿ ಏನು ಮಾಡುವುದೆಂದು ದಾದಾ ಕೇಳಿದರು. ಅಟೋರ್ವಾಸ್ಟಾಟಿನ್ ದಿನದ ಯಾವ ಹೊತ್ತಿನಲ್ಲಾದರೂ ತೆಗೆದುಕೊಳ್ಳಬಹುದು, ಇಫ್ತಾರ್ ನಂತರ ಸಾಕು ಎಂದರು ಡಾಕ್ಟರ್. ಉಪವಾಸ ಹಿಡಿಯಬಹುದೇ, ಉಳಿದ ಮಾತ್ರೆಗಳನ್ನು ಯಾವಾಗ ನುಂಗಬೇಕು ಎಂಬುದನ್ನು ತಿಂಗಳಿಗೆ ಮುಂಚೆಯೇ ಬಂದು ಕೇಳಲು ಹೇಳಿದ್ದಾರೆ. ಈಗ ದಾದಾ ಅವರ ರಿಪೋರ್ಟ್ ಬಂದ ಕೂಡಲೇ ಅಚ್ಚಾದ 100ರ ಪಕ್ಕದಲ್ಲಿ ನಾನು ಪೆನ್ಸಿಲ್‌ನಿಂದ 55 ಎಂದು ಬರೆದಿಡುತ್ತೇನೆ.