ನಿಡಗುಂದಿ ಸೀಮೆಗೆ ಲಿಂಬೆ: ಸಸಿ ಮಾಡುವುದರಿಂದ ಹಸ್ತ ಬಹಾರದವರೆಗೆ

ವಿಜಯಪುರ ಜಿಲ್ಲೆಯ ಲಿಂಬೆ ಎಂದರೆ ಮೊದಲು ನೆನಪಾಗುವುದು ಇಂಡಿ. ಅಲ್ಲಿನ ಕಾಗ್ಜಿ ಲಿಂಬೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. 2025ರಲ್ಲಿ ಅದು ಯುಎಇ ಮತ್ತು ಬ್ರಿಟನ್‌ಗೂ ರಫ್ತಾಯಿತು. ಇಂಡಿ, ಸಿಂದಗಿ ಭಾಗದ ರೈತರು ಕೊಳವೆಬಾವಿಯ ಅಲ್ಪ ನೀರಲ್ಲಿ ದಶಕಗಳಿಂದ ಲಿಂಬೆ ಕಾಪಾಡಿಕೊಂಡು ಬಂದವರು. ಈಗ ನಿಡಗುಂದಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯ ರೈತರೂ ಈ ಬೆಳೆಯತ್ತ ನೋಡುತ್ತಿದ್ದರೆ ಅದು ಸಹಜವೇ. ಆಲಮಟ್ಟಿ ಹಿನ್ನೀರು ಪಕ್ಕದಲ್ಲಿದೆ, ಕಾಲುವೆ ಬಂದಿದೆ, ಮುಳವಾಡ ಏತ ನೀರಾವರಿಯ ನೀರು ಏರು ಭೂಮಿಗೂ ಹತ್ತಿದೆ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಇಂಡಿ ಭಾಗದ ಲಿಂಬೆಗೆ ನೀರಿನ ಕೊರತೆಯ ಚಿಂತೆಯಾದರೆ, ಕೃಷ್ಣೆಯ ದಂಡೆಯ ಎರೆ ಭೂಮಿಯಲ್ಲಿ ನಿಂತ ನೀರಿನದೇ ಚಿಂತೆ. ಲಿಂಬೆ ಒಮ್ಮೆ ನೆಟ್ಟರೆ ಇಪ್ಪತ್ತು ವರ್ಷದ ಬೆಳೆ. ಗೊಬ್ಬರ ಕಡಿಮೆಯಾದರೆ ಮುಂದಿನ ವರ್ಷ ಕೊಡಬಹುದು, ರೋಗ ಬಂದರೆ ಸಿಂಪಡಿಸಬಹುದು. ತಪ್ಪು ನೆಲದಲ್ಲಿ ಊರಿದ ಗಿಡವನ್ನೂ ತಪ್ಪು ತಾಯಿಯಿಂದ ಬಂದ ಸಸಿಯನ್ನೂ ಆಮೇಲೆ ಸರಿಪಡಿಸಲು ಬರುವುದಿಲ್ಲ. ಹಾಗಾಗಿ ಈ ಎರಡರ ಬಗ್ಗೆ ಇಲ್ಲಿ ಹೆಚ್ಚು ಬರೆದಿದ್ದೇನೆ.

ಹಂತ 1: ನೆಲದ ಪರೀಕ್ಷೆ

ಲಿಂಬೆಗೆ ಕನಿಷ್ಠ ನಾಲ್ಕೈದು ಅಡಿ ಆಳದವರೆಗೆ ಬೇರಿಳಿಯುವ, ನೀರು ಬಸಿಯುವ ಮಣ್ಣು ಬೇಕು. ಮಸಾರಿ, ಗರಸು ಬೆರೆತ ಮಧ್ಯಮ ಕಪ್ಪು ಮಣ್ಣು ಚೆನ್ನ. ರಸಸಾರ 6.5ರಿಂದ 7.5ರ ನಡುವೆ ಇದ್ದರೆ ಉತ್ತಮ, 8 ದಾಟಿದರೆ ಕಷ್ಟ. ಸುಣ್ಣದ ಹರಳು ಹೆಚ್ಚಿರುವ ಹೊಲದಲ್ಲಿ ಕಬ್ಬಿಣ, ಸತುವು ಗಿಡಕ್ಕೆ ದಕ್ಕದೆ ಚಿಗುರೆಲೆ ಹಳದಿಯಾಗುತ್ತದೆ. ಸವಳು ಹತ್ತಿದ ನೆಲವಾದರೆ ಲಿಂಬೆಯ ಆಸೆ ಬಿಡುವುದೇ ಲೇಸು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಹೊಲದ ನಾಲ್ಕೈದು ಕಡೆ ಮೂರು ಅಡಿ ಆಳದ ಗುಂಡಿ ತೆಗೆದು ನೀರು ತುಂಬಿಸಿ. ಒಮ್ಮೆ ಇಂಗಿದ ಮೇಲೆ ಮತ್ತೆ ತುಂಬಿಸಿ. ಎರಡನೇ ಸಲದ ನೀರು ಮರುದಿನ ಅದೇ ಹೊತ್ತಿಗೂ ನಿಂತಿದ್ದರೆ ಅಲ್ಲಿ ಸಮತಟ್ಟಿನ ನಾಟಿ ಬೇಡ. ಒಂದೂವರೆಯಿಂದ ಎರಡು ಅಡಿ ಎತ್ತರದ ಏರುಮಡಿ ಮಾಡಿ, ಸಾಲುಗಳ ನಡುವೆ ಇಳಿಜಾರಿನ ಕಡೆಗೆ ಬಸಿಗಾಲುವೆ ತೆಗೆಯಬೇಕು. ಗುಂಡಿಯ ಮಣ್ಣನ್ನು ಮೇಲ್ಪದರ, ಕೆಳಪದರ ಎಂದು ಬೇರೆ ಮಾಡಿ ಪ್ರಯೋಗಾಲಯಕ್ಕೆ ಕಳಿಸಿ. ನೀರನ್ನೂ ಪರೀಕ್ಷೆ ಮಾಡಿಸಿ. ಹೊಳೆಯ ನೀರು ಸಿಹಿ ಇದ್ದರೂ ಪಕ್ಕದ ಕೊಳವೆಬಾವಿಯ ನೀರು ಸವುಳಿರಬಹುದು.

ಹಂತ 2: ತಾಯಿ ಮರದ ಆಯ್ಕೆ

ಲಿಂಬೆ ಬೀಜಕ್ಕೆ ಒಂದು ವಿಶೇಷ ಗುಣವಿದೆ. ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗಸ್ಪರ್ಶದ ಸಂಬಂಧವಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದವು, ಹಾಗಾಗಿ ತಾಯಿಯನ್ನೇ ಹೋಲುತ್ತವೆ. ಇನ್ನೊಂದು ಲಾಭವೂ ಇದೆ. ಲಿಂಬೆಯನ್ನು ಸೊರಗಿಸಿ ಕೊಲ್ಲುವ ಟ್ರಿಸ್ಟೆಜಾ ನಂಜು ರೋಗ ಬೀಜದ ಮೂಲಕ ಹರಡುವುದಿಲ್ಲ. ಕಸಿ ಕಡ್ಡಿಯಿಂದಲೂ ಹೇನಿನಿಂದಲೂ ಹರಡುತ್ತದೆ. ಆದ್ದರಿಂದ ಲಿಂಬೆಯಲ್ಲಿ ಬೀಜದ ಸಸಿ ಕೀಳಲ್ಲ, ತಾಯಿ ಒಳ್ಳೆಯದಾಗಿದ್ದರೆ ಸಾಕು.

ತಾಯಿ ಮರಕ್ಕೆ ಹತ್ತು ವರ್ಷವಾದರೂ ತುಂಬಿರಲಿ. ಪ್ರತಿವರ್ಷ ಸಮನಾಗಿ ಕಾಯುವ, ತೆಳು ಸಿಪ್ಪೆ, ತುಂಬು ರಸದ ಹಣ್ಣು ಕೊಡುವ, ಕಜ್ಜಿ ಕಡಿಮೆ ಇರುವ, ಬುಡದಲ್ಲಿ ಅಂಟು ಸೋರದ ಮರವನ್ನು ಎರಡು ಮೂರು ವರ್ಷ ಗಮನಿಸಿ ಗುರುತಿಸಿ. ಸುಧಾರಿತ ತಳಿ ಬೇಕೆಂದರೆ ರಾಹುರಿಯ ಸಾಯಿ ಶರಬತಿ, ಪರಭಣಿಯ ವಿಕ್ರಮ್ ಮತ್ತು ಪ್ರಮಾಲಿನಿ, ತಿರುಪತಿಯ ಬಾಲಾಜಿ, ಪೆರಿಯಕುಳಂನ ಪಿಕೆಎಂ-1 ಇವೆ. ಬಾಲಾಜಿ ತಳಿ ಕಜ್ಜಿಯನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ.

ಹಂತ 3: ಸಸಿ ಮಾಡುವುದು

ಮಣ್ಣು ಸಿದ್ಧತೆ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಏಪ್ರಿಲ್-ಮೇ ತಿಂಗಳಲ್ಲಿ ಇದನ್ನು ಒಂದಡಿ ದಪ್ಪ ಹರಡಿ, ನೀರು ಹಾಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ಆರು ವಾರ ಬಿಡಿ. ನಮ್ಮ ಬೇಸಿಗೆಯ ಬಿಸಿಲೇ ಬೇರು ಕೊಳೆಯಿಸುವ ಶಿಲೀಂಧ್ರವನ್ನು, ಜಂತುಹುಳುವನ್ನು ಬಹುಪಾಲು ಕೊಲ್ಲುತ್ತದೆ.

ಬೀಜ: ಮರದ ಮೇಲೆಯೇ ಮಾಗಿದ ಹಣ್ಣು ಆರಿಸಿ. ನೆಲಕ್ಕೆ ಬಿದ್ದದ್ದು ಬೇಡ. ಚಾಕುವಿನಿಂದ ಸಿಪ್ಪೆಯನ್ನಷ್ಟೇ ಸುತ್ತ ಗೀರಿ, ತಿರುಚಿ ಬಿಡಿಸಿದರೆ ಬೀಜಕ್ಕೆ ಗಾಯವಾಗದು. ಲೋಳೆ ಹೋಗುವಂತೆ ತೊಳೆದು, 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಲ್ಲಿ ಹತ್ತು ನಿಮಿಷ ಇಟ್ಟು ತೆಗೆಯಿರಿ. ಉಷ್ಣಮಾಪಕ ಬಳಸಿ, ಕೈ ಅಂದಾಜು ಬೇಡ. ನೆರಳಲ್ಲಿ ಆರಿಸಿ, ಮೂರು ನಾಲ್ಕು ದಿನದೊಳಗೆ ಬಿತ್ತಿ. ಲಿಂಬೆ ಬೀಜ ಒಣಗಿದರೆ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ.

ಬಿತ್ತನೆ ಮತ್ತು ಆಯ್ಕೆ: ನೆರಳುಪರದೆಯ ಕೆಳಗೆ ಟ್ರೇ ಅಥವಾ ಏರುಮಡಿಯಲ್ಲಿ ಅರ್ಧ ಇಂಚು ಆಳಕ್ಕೆ ಬಿತ್ತಿ. ಮೂರು ನಾಲ್ಕು ವಾರಕ್ಕೆ ಮೊಳಕೆ ಕಾಣುತ್ತದೆ. ಸಸಿ ನಾಲ್ಕಾರು ಇಂಚು ಆದಾಗ ಚೀಲಕ್ಕೆ ಬದಲಿಸಬೇಕು. ಇಲ್ಲಿ ಕೈ ಬಿಗಿ ಮಾಡಬಾರದು. ತೀರ ಕುಳ್ಳಗಿನವು, ಉಳಿದವುಗಳಿಗಿಂತ ಅತಿಯಾಗಿ ಎದ್ದವು, ಎಲೆಯ ಆಕಾರ ಬೇರೆ ಇರುವವು, ತಾಯಿಬೇರು ಕೊಕ್ಕೆಯಂತೆ ಮಡಚಿದವು, ಇಷ್ಟನ್ನೂ ಎಸೆಯಿರಿ. ಒಂದೇ ಸಮನಾಗಿರುವ ಗುಂಪೇ ತಾಯಿಯ ಗುಣದ್ದು.

ಕಸಿ ಬೇಕೆ?: ಬೀಜದ ಗಿಡ ನಾಲ್ಕೈದನೇ ವರ್ಷಕ್ಕೆ ಫಲಕ್ಕೆ ಬರುತ್ತದೆ, ಕಸಿ ಗಿಡ ಮೂರನೇ ವರ್ಷಕ್ಕೆ. ಸುಣ್ಣ ತುಸು ಹೆಚ್ಚಿರುವ ಎರೆ ಭೂಮಿಗೆ ರಂಗಪುರ ಲೈಮ್ ಬೇರುಸಸಿಯ ಮೇಲಿನ ಕಣ್ಣು ಕಸಿ ಒಗ್ಗುತ್ತದೆ. ಬರವನ್ನೂ ಉಪ್ಪನ್ನೂ ಅದು ಜಂಬೇರಿ ಬೇರುಸಸಿಗಿಂತ ಚೆನ್ನಾಗಿ ತಾಳುತ್ತದೆ. ಬೇರುಸಸಿ ಪೆನ್ಸಿಲ್ ದಪ್ಪವಾದಾಗ, ಮಳೆ ಕಳೆದು ತೊಗಟೆ ಸುಲಭವಾಗಿ ಬಿಡುವ ಸಮಯದಲ್ಲಿ, ನೆಲದಿಂದ ಒಂಬತ್ತು ಇಂಚು ಮೇಲೆ ಕಣ್ಣು ಕೂರಿಸಬೇಕು. ಅದಕ್ಕಿಂತ ಕೆಳಗಾದರೆ ಮಳೆ ಹನಿ ಸಿಡಿಸುವ ಮಣ್ಣಿನಿಂದ ಬುಡ ಕೊಳೆ ರೋಗ ಕಸಿ ಗಂಟಿಗೆ ಹತ್ತುತ್ತದೆ. ಕಸಿ ಕಡ್ಡಿ ನಂಜು ಮುಕ್ತ ಎಂದು ಖಾತ್ರಿಯಿದ್ದ ಮರದ್ದೇ ಆಗಿರಲಿ. ಗೂಟಿ ಗಿಡ ಬೇಗ ಕಾಯುತ್ತದೆ ನಿಜ, ಆದರೆ ತಾಯಿಬೇರಿಲ್ಲದ ಕಾರಣ ಬಿರುಗಾಳಿಗೆ ಬೀಳುತ್ತದೆ.

ಸಸಿ ಕೊಳ್ಳುವವರು ಮೂರು ಪ್ರಶ್ನೆ ಕೇಳಲೇಬೇಕು. ಯಾವ ಮರದ್ದು? ಚೀಲದ ಮಣ್ಣು ಶುದ್ಧ ಮಾಡಿದ್ದೆ? ಕಸಿ ಎಷ್ಟು ಎತ್ತರದಲ್ಲಿದೆ? ಒಂದು ಚೀಲ ಬಿಚ್ಚಿಸಿ ಬೇರು ನೋಡಿ. ಬೇರು ಕಂದಾಗಿದ್ದು ಸಿಪ್ಪೆ ಜಾರಿದರೆ, ಎಲೆ ಎಷ್ಟೇ ಹಸಿರಿದ್ದರೂ ಆ ಸಸಿ ಬೇಡ.

ಹಂತ 4: ನಾಟಿ

ಗಿಡದಿಂದ ಗಿಡಕ್ಕೆ, ಸಾಲಿನಿಂದ ಸಾಲಿಗೆ 20 ಅಡಿ ಅಂತರವಿಟ್ಟರೆ ಎಕರೆಗೆ ಸುಮಾರು 110 ಗಿಡ ಹಿಡಿಯುತ್ತವೆ. ಬೇಸಿಗೆಯಲ್ಲಿ ಎರಡರಿಂದ ಎರಡೂವರೆ ಅಡಿ ಅಳತೆಯ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ, ಒಂದು ಕಿಲೊ ಬೇವಿನ ಹಿಂಡಿ, ಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮಾ ಬೆರೆಸಿ ತುಂಬಿ. ಒಂದೆರಡು ಮಳೆ ಬಿದ್ದು ಮಣ್ಣು ಕುಸಿದ ಮೇಲೆ, ಜೂನ್ ಕೊನೆಯಿಂದ ಆಗಸ್ಟ್ ಒಳಗೆ ನೆಡಿ.

ಚೀಲದಲ್ಲಿದ್ದ ಮಣ್ಣಿನ ಮಟ್ಟ ಹೊಲದ ಮಟ್ಟಕ್ಕಿಂತ ಎರಡು ಇಂಚು ಮೇಲೆಯೇ ಇರಲಿ, ಯಾಕೆಂದರೆ ಗಿಡ ಆಮೇಲೆ ತುಸು ಕೂರುತ್ತದೆ. ಕೋಲು ನೆಟ್ಟು ಸಡಿಲವಾಗಿ ಕಟ್ಟಿ. ಪಶ್ಚಿಮದ ಗಾಳಿ ಜೋರಿರುವ ಬದಿಗೆ ನುಗ್ಗೆ, ಗ್ಲಿರಿಸಿಡಿಯಾ ಸಾಲು ಹಾಕಿದರೆ ಗಾಳಿಯ ಹೊಡೆತವೂ ಕಜ್ಜಿಯ ಹರಡುವಿಕೆಯೂ ತಗ್ಗುತ್ತದೆ. ಮೊದಲ ನಾಲ್ಕು ವರ್ಷ ನಡುವೆ ಶೇಂಗಾ, ಹೆಸರು, ಕಡಲೆ ಬೆಳೆಯಬಹುದು. ಕಬ್ಬು, ಬದನೆ, ಟೊಮೆಟೊ ಬೇಡ.

ಹಂತ 5: ನೀರು, ಗೊಬ್ಬರ, ಚಾಟಣಿ

ಹನಿ ನೀರಾವರಿಯೇ ಸರಿ. ಅದಕ್ಕೆ ತೋಟಗಾರಿಕೆ ಇಲಾಖೆಯ ಸಹಾಯಧನವೂ ಇದೆ. ಹನಿ ಬೀಳುವ ಜಾಗ ಬುಡದಿಂದ ದೂರವಿರಲಿ, ಗಿಡ ಬೆಳೆದಂತೆ ಇನ್ನೂ ಹೊರಗೆ ಸರಿಸಿ. ಹಾಯಿ ನೀರು ಬಿಡುವವರು ಜೋಡಿ ಉಂಗುರ ಪಾತಿ ಮಾಡಿ, ಕಾಂಡದ ಸುತ್ತಲಿನ ಒಳ ಉಂಗುರಕ್ಕೆ ನೀರು ಹೋಗದಂತೆ ನೋಡಿಕೊಳ್ಳಿ. ಎರೆ ಮಣ್ಣಿನ ಮೇಲ್ಪದರ ಬಿರಿದರೂ ಒಳಗೆ ತೇವ ಇರುತ್ತದೆ. ಅರ್ಧ ಅಡಿ ಅಗೆದು ಮುಟ್ಟಿ ನೋಡಿ, ಆಮೇಲೆ ಗೇಟ್‌ವಾಲ್ ತಿರುಗಿಸಿ. ಕಬ್ಬಿನ ರವದಿ, ತೊಗರಿ ಹೊಟ್ಟು ಪಾತಿಗೆ ಹೊದಿಸಿದರೆ ಬೇಸಿಗೆಯ ನೀರು ಉಳಿಯುತ್ತದೆ. ಹೊದಿಕೆ ಕಾಂಡಕ್ಕೆ ತಾಗದಿರಲಿ.

ಮೊದಲ ವರ್ಷ ಗಿಡವೊಂದಕ್ಕೆ 200 ಗ್ರಾಂ ಸಾರಜನಕ, ತಲಾ 100 ಗ್ರಾಂ ರಂಜಕ, ಪೊಟ್ಯಾಷ್ ಸಾಕು. ವರ್ಷ ವರ್ಷ ಏರಿಸುತ್ತ ಆರನೇ ವರ್ಷಕ್ಕೆ 600, 200, 300 ಗ್ರಾಂ ಮತ್ತು 30 ಕಿಲೊ ಕೊಟ್ಟಿಗೆ ಗೊಬ್ಬರಕ್ಕೆ ತನ್ನಿ. ಸಾರಜನಕವನ್ನು ಕಂತುಗಳಲ್ಲಿ ಕೊಡಿ. ಮಣ್ಣು ಪರೀಕ್ಷೆಯ ವರದಿ ಬೇರೆ ಹೇಳಿದರೆ ಅದನ್ನೇ ನಂಬಿ. ಎಳೆ ಎಲೆಯ ನರ ಹಸಿರಿದ್ದು ನಡುವೆ ಹಳದಿಯಾದರೆ ಸತುವಿನ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, 2.5 ಗ್ರಾಂ ಸುಣ್ಣ ಬೆರೆಸಿ ಹೊಸ ಚಿಗುರಿಗೆ ಸಿಂಪಡಿಸಿ.

ಮೊದಲ ಎರಡು ವರ್ಷ ಹೂ ಬಂದರೂ ಚಿವುಟಿ ಹಾಕಿ. ನೆಲದಿಂದ ಎರಡು ಅಡಿವರೆಗೆ ಒಂದೇ ಕಾಂಡ ಬೆಳೆಸಿ. ಬೇರುಸಸಿಯಿಂದ ಬರುವ ಚಿಗುರು, ನೆಟ್ಟಗೆ ಏಳುವ ನೀರುಗೊಂಬೆ, ಒಣಗಿದ ಕಡ್ಡಿ ತೆಗೆಯುತ್ತಿರಿ.

ಹಂತ 6: ರೋಗ, ಕೀಟ

ಕಜ್ಜಿ ಲಿಂಬೆಯ ದೊಡ್ಡ ಶತ್ರು. ಹಣ್ಣಿನ ಮೇಲೆ ಒರಟು ಕಂದು ಚುಕ್ಕೆ ಬಿದ್ದರೆ ಒಳಗಿನ ರಸ ಕೆಡದಿದ್ದರೂ ಬೆಲೆ ಬೀಳುತ್ತದೆ, ರಫ್ತಿಗಂತೂ ನಡೆಯದು. ಇದು ಬ್ಯಾಕ್ಟೀರಿಯಾ ರೋಗ, ಮಳೆ ಗಾಳಿಯಲ್ಲಿ ಹಬ್ಬುತ್ತದೆ. ರಂಗೋಲಿ ಹುಳು ಎಲೆಯಲ್ಲಿ ಕೊರೆದ ಗೆರೆಯೇ ಅದಕ್ಕೆ ಬಾಗಿಲು. ಮುಂಗಾರಿಗೆ ಮೊದಲು ಕಜ್ಜಿ ಹತ್ತಿದ ಕಡ್ಡಿ ಕತ್ತರಿಸಿ ಸುಡಿ. ಶೇ 1ರ ಬೋರ್ಡೋ ದ್ರಾವಣ ಸಿಂಪಡಿಸಿ, ಮಳೆಗಾಲದುದ್ದಕ್ಕೂ ತಿಂಗಳಿಗೊಮ್ಮೆ ಬೋರ್ಡೋ ಅಥವಾ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಮುಂದುವರಿಸಿ. ಹುಳುವಿಗೆ ಚಿಗುರಿನ ಹೊತ್ತಲ್ಲಿ ಶೇ 5ರ ಬೇವಿನ ಬೀಜದ ಕಷಾಯ ಹೊಡೆಯಿರಿ.

ಬೋರ್ಡೋ ಮಾಡುವ ಬಗೆ ಹೀಗೆ: ಒಂದು ಕಿಲೊ ಮೈಲುತುತ್ತವನ್ನು 50 ಲೀಟರ್ ನೀರಲ್ಲಿ, ಒಂದು ಕಿಲೊ ಸುಟ್ಟ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ, ಪ್ಲಾಸ್ಟಿಕ್ ಡ್ರಮ್‌ಗಳಲ್ಲೇ ಕರಗಿಸಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಿರಿ. ಹೊಳೆಯುವ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಲೇಪ ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಅದೇ ದಿನ ಬಳಸಿ ಮುಗಿಸಿ.

ಬುಡದಲ್ಲಿ ಅಂಟು ಸೋರಿದರೆ ಆ ತೊಗಟೆ ಕೆರೆದು ಬೋರ್ಡೋ ಮುಲಾಮು ಹಚ್ಚಿ. ತುತ್ತ, ಸುಣ್ಣ ತಲಾ ಒಂದು ಕಿಲೊಗೆ ಹತ್ತು ಲೀಟರ್ ನೀರು ಹಾಕಿದರೆ ಮುಲಾಮು ಆಗುತ್ತದೆ. ಮಳೆಗೆ ಮುಂಚೆ, ಮಳೆಯ ನಂತರ ಎಲ್ಲ ಮರಗಳ ಕಾಂಡಕ್ಕೆ ಎರಡು ಅಡಿ ಎತ್ತರ ಇದನ್ನೇ ಬಳಿಯಿರಿ. ಎಳೆ ಗಿಡದ ಎಲೆ ತಿನ್ನುವ ಚಿಟ್ಟೆ ಹುಳು ಹಕ್ಕಿ ಹಿಕ್ಕೆಯಂತೆ ಕಾಣುತ್ತದೆ. ಬೆಳಗ್ಗೆ ಕೈಯಿಂದಲೇ ಆರಿಸಬಹುದು.

ಹಂತ 7: ಬೇಸಿಗೆ ಮಾರುಕಟ್ಟೆಗೆ ಹಸ್ತ ಬಹಾರ

ಲಿಂಬೆ ವರ್ಷಕ್ಕೆ ಮೂರು ಸಲ ಹೂ ಬಿಡುತ್ತದೆ, ಈ ಹೂಗಾಲಕ್ಕೆ ಬಹಾರ ಎನ್ನುತ್ತಾರೆ: ಜನವರಿ-ಫೆಬ್ರವರಿಯ ಅಂಬೆ, ಜೂನ್-ಜುಲೈನ ಮೃಗ, ಸೆಪ್ಟೆಂಬರ್-ಅಕ್ಟೋಬರ್‌ನ ಹಸ್ತ. ಸುಮ್ಮನೆ ಬಿಟ್ಟರೆ ಅಂಬೆಯ ಫಸಲೇ ಹೆಚ್ಚು, ಅದು ಮಳೆಗಾಲದಲ್ಲಿ ಬೆಲೆ ಕುಸಿದಾಗ ಬರುತ್ತದೆ. ಹಸ್ತ ಬಹಾರದ ಹಣ್ಣು ಮಾರ್ಚ್‌ನಿಂದ ಮೇವರೆಗೆ, ಶರಬತ್ತಿನ ಕಾಲಕ್ಕೆ ಸಿಗುತ್ತದೆ. ಆರು ವರ್ಷ ತುಂಬಿದ ಆರೋಗ್ಯವಂತ ಮರಗಳಿಗೆ ಮಾತ್ರ ಹೀಗೆ ಮಾಡಿ: ಜೂನ್‌ನಲ್ಲಿ 100 ಲೀಟರ್ ನೀರಿಗೆ 5 ಗ್ರಾಂ ಜಿಬ್ಬರೆಲಿಕ್ ಆಮ್ಲ, ಸೆಪ್ಟೆಂಬರ್‌ನಲ್ಲಿ ಲೀಟರಿಗೆ 2 ಮಿಲಿ ಸೈಕೋಸೆಲ್ (ಶೇ 50ರದ್ದು), ಅಕ್ಟೋಬರ್‌ನಲ್ಲಿ ಲೀಟರಿಗೆ 10 ಗ್ರಾಂ ಪೊಟ್ಯಾಷಿಯಂ ನೈಟ್ರೇಟ್. ಮೊದಲನೆಯದು ಮೃಗದ ಹೂ ತಡೆಯುತ್ತದೆ, ಎರಡನೆಯದು ಚಿಗುರಿನ ಓಟ ನಿಲ್ಲಿಸುತ್ತದೆ, ಮೂರನೆಯದು ಹೂವನ್ನು ಹೊರಡಿಸುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ನೀರು ಖಾತ್ರಿ ಇದ್ದವರಿಗಷ್ಟೇ ಇದು ಲಾಭ. ಕಾಲುವೆ ನಿಲ್ಲುವ ದಿನಗಳಿಗೆ ಕೃಷಿಹೊಂಡದಲ್ಲಿ ನೀರು ಹಿಡಿದಿಡಿ.

ಹಸಿರು ತಿರುಗಿ ತೆಳು ಹಳದಿಯಾದ ಹಣ್ಣನ್ನು, ಇಬ್ಬನಿ ಆರಿದ ಮೇಲೆ, ಕತ್ತರಿಯಿಂದ ಬಿಡಿಸಿ. ಕೋಲಿನಿಂದ ಬಡಿದರೆ ಕೊಂಬೆಗೆ ಗಾಯವಾಗಿ ಕಜ್ಜಿಗೆ ದಾರಿಯಾಗುತ್ತದೆ. ಬಿದ್ದ ಹಣ್ಣು, ಕಜ್ಜಿ ಹಣ್ಣು ಬೇರೆ ಮಾಡಿ, ದಪ್ಪ, ಮಧ್ಯಮ, ಸಣ್ಣದು ಎಂದು ವಿಂಗಡಿಸಿಯೇ ಚೀಲ ತುಂಬಿ. ಎಲ್ಲ ಬೆರೆಸಿದ ಚೀಲಕ್ಕೆ ಸಣ್ಣ ಹಣ್ಣಿನ ಬೆಲೆಯೇ ಕಟ್ಟುತ್ತಾರೆ.

ಎಲ್ಲಿ ಕೇಳಬೇಕು?

ನಿಡಗುಂದಿಯಿಂದ ಹತ್ತಿರವೇ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ವಿಜಯಪುರ ಬಳಿಯ ತಿಡಗುಂದಿಯಲ್ಲಿ ಅದರ ಸಂಶೋಧನಾ ಕೇಂದ್ರ, ಇಂಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಮತ್ತು ಲಿಂಬೆ ಅಭಿವೃದ್ಧಿ ಮಂಡಳಿ ಇವೆ. ಸಸಿ ಕೊಳ್ಳುವ ಮೊದಲು ಮಣ್ಣಿನ ವರದಿ ಹಿಡಿದು ಇವುಗಳಲ್ಲಿ ಒಂದಕ್ಕಾದರೂ ಹೋಗಿ ಬನ್ನಿ. ಇಂಡಿಯ ಹಳೆಯ ತೋಟಗಳನ್ನೂ ನೋಡಿ, ಮರ ಸತ್ತ ಜಾಗ ಕಂಡರೆ ಯಾಕೆ ಸತ್ತಿತೆಂದು ಬೆಳೆಗಾರರನ್ನು ಕೇಳಿ.

ಐದು ಎಕರೆಗೆ ಒಮ್ಮೆಲೇ ಕೈ ಹಾಕಬೇಡಿ. ಹೊಲದಲ್ಲಿ ನೀರು ಚೆನ್ನಾಗಿ ಬಸಿಯುವ ಒಂದು ಎಕರೆಯಿಂದ ಶುರು ಮಾಡಿ. ಆ ಗಿಡಗಳು ಮೂರು ಮಳೆಗಾಲ ದಾಟಿದ ಮೇಲೆ ಉಳಿದ ನೆಲಕ್ಕೆ ವಿಸ್ತರಿಸಿ. ಹಣ ಕಡಿಮೆಯಿದ್ದರೆ ಬೇಲಿ, ಶೆಡ್ಡು ಮುಂದಕ್ಕೆ ಹಾಕಿ. ಬಸಿಗಾಲುವೆ ಮತ್ತು ಒಳ್ಳೆಯ ಸಸಿಯ ಖರ್ಚನ್ನು ಮಾತ್ರ ಮುಂದೂಡಬೇಡಿ.