ನಾಡಿ ತಪ್ಪಿದ ರಾಜ್ಯ

ವೈದ್ಯನು ಮಣಿಕಟ್ಟನ್ನು ಮುಟ್ಟಿ ಮೈಯ ಸ್ಥಿತಿಯನ್ನು ಅರಿಯುವಂತೆ, ಅಮೆರಿಕದ ಜನರು ಮಿಸೌರಿ ರಾಜ್ಯವನ್ನು ನೋಡಿ ಇಡೀ ದೇಶದ ಒಲವನ್ನು ಊಹಿಸುತ್ತಿದ್ದರು. 1904ರಿಂದ 2004ರವರೆಗಿನ ಅಧ್ಯಕ್ಷ ಚುನಾವಣೆಗಳಲ್ಲಿ, 1956ರದೊಂದನ್ನು ಬಿಟ್ಟರೆ, ಅಲ್ಲಿ ಗೆದ್ದವರೇ ದೇಶದ ಅಧ್ಯಕ್ಷರಾದರು. ಅಧ್ಯಕ್ಷರನ್ನು ಆರಿಸುವವರು ಚುನಾಯಕರು. ಮಿಸೌರಿಯಲ್ಲಿ ಒಂದೇ ಮತ ಹೆಚ್ಚು ಬಂದರೂ ಆ ರಾಜ್ಯದ ಚುನಾಯಕರೆಲ್ಲರೂ ಗೆದ್ದವರ ಪಾಲು. ಆದುದರಿಂದಲೇ ಅಭ್ಯರ್ಥಿಗಳು ಅಲ್ಲಿಗೆ ಮತ್ತೆ ಮತ್ತೆ ಬಂದು ಜನರ ಅಹವಾಲನ್ನು ಕೇಳುತ್ತಿದ್ದರು.

2008ರಲ್ಲಿ ಅಲ್ಲಿ ಚಲಾವಣೆಯಾದ ಮತಗಳು ಸುಮಾರು 29 ಲಕ್ಷ. ನಾಲ್ಕು ಸಾವಿರಕ್ಕೂ ಕಡಿಮೆ ಮತಗಳ ಅಂತರದಿಂದ ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್ ಗೆದ್ದರು. ಆದರೆ ಅಧ್ಯಕ್ಷರಾದವರು ಬರಾಕ್ ಒಬಾಮ. 2016ರ ವೇಳೆಗೆ ರಿಪಬ್ಲಿಕನ್ನರ ಮುನ್ನಡೆ ಶೇಕಡಾ 18ನ್ನು ಮೀರಿತು. ಫಲಿತಾಂಶ ಮೊದಲೇ ತಿಳಿದಿರುವ ಊರಿಗೆ ಗೆಲ್ಲುವವರಾಗಲಿ ಸೋಲುವವರಾಗಲಿ ಏಕೆ ಬಂದಾರು? 2024ರಲ್ಲಿ ಅಭ್ಯರ್ಥಿಗಳ ಓಡಾಟ ಹೆಚ್ಚಾಗಿ ಪೆನ್ಸಿಲ್ವೇನಿಯ ಮೊದಲಾದ ಏಳು ರಾಜ್ಯಗಳಲ್ಲಿಯೇ ನಡೆಯಿತು. ಅವುಗಳಲ್ಲಿ ಮಿಸೌರಿಯ ಹೆಸರಿರಲಿಲ್ಲ.